ಬದಲಾಗುತ್ತಲೇ ಇರುವ ಸೋರ್ಸ್ ಕೋಡನ್ನು ಯಾವಾಗ ಅಪ್‌ಡೇಟ್ ಮಾಡಿಕೊಳ್ಳಬೇಕು?

ದಿನನಿತ್ಯದ ಕೆಲಸದ ಯಂತ್ರದಲ್ಲೇ ಅಭಿವೃದ್ಧಿ ಶಾಖೆಯ ಕೋಡನ್ನು ಬಿಲ್ಡ್ ಮಾಡಿ ಬಳಸುವವರು ದಿನವೂ ಹೊಸ ಬದಲಾವಣೆಗಳನ್ನು ಪುಲ್ ಮಾಡಬೇಕೇ (ಇಳಿಸಿಕೊಳ್ಳಬೇಕೇ), ತಿಂಗಳುಗಟ್ಟಲೆ ಕಾಯಬೇಕೇ ಎಂದು ಕೇಳಿದ್ದೀರಿ. ನಾನು ಹಲವು ವರ್ಷಗಳಿಂದ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನ ಅಭಿವೃದ್ಧಿ ಶಾಖೆಯಾದ ‘ಮೇನ್’ ಅನ್ನು ಹೀಗೆಯೇ ಬಳಸುತ್ತಿದ್ದೇನೆ. ಕೆಟ್ಟರೆ ಸರಿಪಡಿಸಲು ಬಿಡುವಿರುವ ದಿನವೇ ಅಪ್‌ಡೇಟ್ ಮಾಡಿ. ಆದರೆ ಆ ಹೊತ್ತಿನ ತುದಿಯ, ಅಂದರೆ ತೀರಾ ಹೊಸ, ಕಮಿಟ್ಟನ್ನು (ಕೋಡಿನಲ್ಲಿ ದಾಖಲಾದ ಬದಲಾವಣೆಯನ್ನು) ಬಿಟ್ಟು, ಮೂರು ನಾಲ್ಕು ದಿನ ಹಳೆಯದನ್ನು ಆರಿಸಿಕೊಳ್ಳಿ.

ಬೂಟ್ ಆಗದಂತೆ ಮಾಡುವ ದೋಷಗಳು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲೇ ಯಾರಾದರೊಬ್ಬರ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಆರಿಸಿದ ಕಮಿಟ್ಟಿನಿಂದ ತುದಿಯವರೆಗಿನ ಲಾಗನ್ನು ಓದಿ, ನೀವು ಪಡೆಯಲಿರುವ ಯಾವುದಾದರೂ ಬದಲಾವಣೆಯನ್ನು ಆಮೇಲೆ ಹಿಂತೆಗೆದಿದ್ದಾರೆಯೇ, ತಿದ್ದಿದ್ದಾರೆಯೇ ಎಂದು ನೋಡಿ. ಹಾಗಿದ್ದರೆ ಆ ತಿದ್ದುಪಡಿಯನ್ನು ದಾಟಿದ ಕಮಿಟ್ಟಿಗೆ ಹೋಗಿ. ದೊಡ್ಡ ಬದಲಾವಣೆಗಳು ಒಟ್ಟಿಗೆ ಒಳಬರುವ ಕಾಲದಿಂದ ದೂರವಿರುವುದು ಇನ್ನೂ ಮುಖ್ಯ. ಲಿನಕ್ಸ್ ಕರ್ನಲ್‌ನಲ್ಲಿ (ಲಿನಕ್ಸ್ ಸಿಸ್ಟಮ್‌ನ ತಿರುಳಿನಲ್ಲಿ) ಹೊಸ ಬದಲಾವಣೆಗಳನ್ನು ಸೇರಿಸಿಕೊಳ್ಳುವ ಸುಮಾರು ಎರಡು ವಾರಗಳ ಮರ್ಜ್ ವಿಂಡೋ ಮುಗಿದೊಡನೆ ಮೊದಲ ಆರ್‌ಸಿ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ, ಹೊರಬರುತ್ತದೆ. 2021ರಲ್ಲಿ ಬಂದ 5.12ರ ಮೊದಲ ಆರ್‌ಸಿಯಲ್ಲಿ, ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಬಳಕೆಯಾಗುವ ಡಿಸ್ಕಿನ ಕಡತ) ಬಳಸುತ್ತಿದ್ದವರ ಡಿಸ್ಕಿನಲ್ಲಿ ಸ್ವಾಪ್‌ನ ಮಾಹಿತಿ ತಪ್ಪು ಜಾಗದಲ್ಲಿ ಬರೆಯಲ್ಪಟ್ಟು ಫೈಲ್‌ಸಿಸ್ಟಮ್ಮೇ ಹಾಳಾಗುವ ಅಪಾಯವಿತ್ತು. ಲಿನಕ್ಸ್‌ನ ಸೃಷ್ಟಿಕರ್ತ ಲೈನಸ್ ಟೋರ್ವಾಲ್ಡ್ಸ್ ಆ ಆರ್‌ಸಿಯನ್ನು ಗುರುತಿಸುವ ಟ್ಯಾಗ್‌ನ ಹೆಸರಿಗೇ ‘ಡೋಂಟ್‌ಯೂಸ್’ (ಬಳಸಬೇಡಿ) ಎಂದು ಸೇರಿಸಬೇಕಾಯಿತು.

ಹಾಗೆಂದು ವರ್ಷಗಟ್ಟಲೆ ಬಿಡುವುದೂ ಸರಿಯಲ್ಲ. ಸಾವಿರ ಕಮಿಟ್‌ಗಳಲ್ಲಿ ದೋಷದ ಮೂಲವನ್ನು, ಪ್ರತಿ ಸಲ ಅರ್ಧದಷ್ಟನ್ನು ಕೈಬಿಡುತ್ತ ಸಾಗುವ ಗಿಟ್ ಬೈಸೆಕ್ಟ್ ಎಂಬ ಸಾಧನ ಸುಮಾರು 10 ಹಂತಗಳಲ್ಲಿ ಹುಡುಕುತ್ತದೆ, ಹತ್ತು ಸಾವಿರವಾದರೂ 14 ಹಂತಗಳೇ ಸಾಕು. ಹಂತಗಳ ಎಣಿಕೆ ದೊಡ್ಡ ತೊಂದರೆಯಲ್ಲ. ಅಂತರ ಹಿಗ್ಗಿದಂತೆ ನಾಲ್ಕಾರು ದೋಷಗಳು ಒಂದರ ಮೇಲೊಂದು ಬಿದ್ದಿರುತ್ತವೆ, ನಡುವಿನ ಕೆಲವು ಕಮಿಟ್‌ಗಳು ಬಿಲ್ಡೇ ಆಗುವುದಿಲ್ಲ, ಆಗ ಕಾಣುತ್ತಿರುವುದು ಯಾವ ದೋಷವೆಂದೇ ತಿಳಿಯುವುದಿಲ್ಲ. ನನಗೆ ತಿಂಗಳಿಗೊಮ್ಮೆ ಅಪ್‌ಡೇಟ್ ಮಾಡುವುದು ಒಗ್ಗಿದೆ. ನಿಮಗೆ ಬೇಕಾದ ತಿದ್ದುಪಡಿಯೋ ಭದ್ರತೆಯ ಪ್ಯಾಚೋ ಬಂದಿದ್ದರೆ ಮಾತ್ರ ಕಾಯಬೇಡಿ.

ಒಮ್ಮೆ, ಮರುದಿನ ಬೆಳಗ್ಗೆ ಕೆಲಸವೊಂದನ್ನು ಒಪ್ಪಿಸಬೇಕಿದ್ದಾಗ, ನಾನು ರಾತ್ರಿ ಹತ್ತಕ್ಕೆ ಪುಲ್ ಮಾಡಿ ಹೊಸ ಕರ್ನಲ್ ಹಾಕಿದೆ. ಪ್ರತ್ಯೇಕವಾಗಿ ಬಿಲ್ಡ್ ಆಗುವ ಗ್ರಾಫಿಕ್ಸ್ ಮಾಡ್ಯೂಲನ್ನು ಅದಕ್ಕೆ ತಕ್ಕಂತೆ ಮತ್ತೆ ಬಿಲ್ಡ್ ಮಾಡಿರಲಿಲ್ಲ. ಬೂಟ್‌ನ ನಾಲ್ಕಾರು ಸಾಲುಗಳು ಮೂಡಿ ಪರದೆ ಕಪ್ಪಾಗಿ ನಿಂತಿತು. ಕಾರಣ ಹೊಳೆಯುವಷ್ಟರಲ್ಲಿ ನಡುರಾತ್ರಿ ಕಳೆದಿತ್ತು. ಈಗ ಬಿಲ್ಡ್‌ಗೆ ಮುಂಚೆ ಸೋರ್ಸ್‌ನ ಜೊತೆಗೇ ಬರುವ ‘ಅಪ್‌ಡೇಟಿಂಗ್’ ಕಡತದಲ್ಲಿ ನನ್ನ ಹಿಂದಿನ ಅಪ್‌ಡೇಟ್‌ನ ನಂತರದ ದಿನಾಂಕಗಳ ಟಿಪ್ಪಣಿಗಳನ್ನೆಲ್ಲ ಓದುತ್ತೇನೆ, ಸರಿಯಾಗಿ ಓಡುತ್ತಿರುವ ಕಮಿಟ್‌ನ ಹ್ಯಾಶನ್ನು (ಗುರುತಿನ ಸಂಖ್ಯೆಯನ್ನು) ಬರೆದಿಟ್ಟುಕೊಳ್ಳುತ್ತೇನೆ, ಕೆಟ್ಟರೆ ಹಳೆಯದಕ್ಕೇ ಮರಳಿ ಬೂಟ್ ಮಾಡಲು ಸಿಸ್ಟಮ್‌ನ ಪ್ರತಿಯಾದ ಹೊಸ ಬೂಟ್ ಎನ್ವಿರಾನ್‌ಮೆಂಟ್ ಒಂದನ್ನು ಸೃಷ್ಟಿಸುತ್ತೇನೆ. ನೀವು ಜೆಡ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಬಳಸುತ್ತಿದ್ದರೆ ಅದರ ಪೂಲ್‌ನ (ಡಿಸ್ಕುಗಳ ಸಂಗ್ರಹದ) ಅಪ್‌ಗ್ರೇಡನ್ನು ಮಾತ್ರ ಅದೇ ದಿನ ಮಾಡಬೇಡಿ. ಹೊಸ ಫೀಚರ್‌ಗಳು ಒಮ್ಮೆ ಜಾರಿಯಾದರೆ ಹಳೆಯ ಕರ್ನಲ್‌ಗೆ ಆ ಪೂಲ್ ತೆರೆಯಲಾಗದೆ ಹೋಗಬಹುದು, ಆಗ ಉಳಿಸಿಕೊಂಡ ಬೂಟ್ ಎನ್ವಿರಾನ್‌ಮೆಂಟ್ ಇದ್ದೂ ಉಪಯೋಗಕ್ಕೆ ಬರುವುದಿಲ್ಲ.