ಉಪಕಾರ ಮಾಡಿದವರ ಹತ್ತಿರ ಲೆಕ್ಕ ಕೇಳುವುದು ಹೇಗೆ?

ಪ್ರಶ್ನೆ: ನಾನು ಗದಗ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. 2009ರಲ್ಲಿ ನೌಕರಿಗೆ ಸೇರಿದೆ. ನಮ್ಮ ತಾಲ್ಲೂಕಿನ ಶಿಕ್ಷಕರ ಸಂಘದ ಸಾಮಾನ್ಯ ಸಭೆ ಆಗಿ ಮೂರು ವರ್ಷವಾಯಿತು. ವರ್ಷಕ್ಕೆ 200 ರೂಪಾಯಿ ಪಗಾರದಲ್ಲಿ ಮುರಿಯುತ್ತಾರೆ, ಗುರುಭವನಕ್ಕೆಂದು (ಶಿಕ್ಷಕರ ಸಭಾಭವನ) ತಲಾ 1,000 ಬೇರೆ ಕೊಟ್ಟಿದ್ದೇವೆ. ಯಾವುದರ ಲೆಕ್ಕವೂ ಗೊತ್ತಿಲ್ಲ. ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ), ಪದವೀಧರ ಶಿಕ್ಷಕರ ವಿಷಯ ಎತ್ತಿದರೆ ‘ನೋಡೋಣ್ರಿ’ ಎನ್ನುತ್ತಾರೆ. ಕಿರಿಯ ಶಿಕ್ಷಕರೆಲ್ಲ ಪತ್ರ ಬರೆಯಲು ಹೊರಟಿದ್ದಾರೆ, ‘ಮೊದಲ ಸಹಿ ನಿಮ್ಮದಿರಲಿ ಅಕ್ಕಾರ’ ಎಂದು ಗಂಟುಬಿದ್ದಿದ್ದಾರೆ. ಬೇರೆ ಸಂಘವನ್ನೇ ಕಟ್ಟೋಣ ಎನ್ನುವವರೂ ಇದ್ದಾರೆ. ಆದರೆ 2019ರಲ್ಲಿ ನನ್ನ ತಾಯಿ ಹುಬ್ಬಳ್ಳಿಯ ಕಿಮ್ಸ್‌ನಲ್ಲಿದ್ದಾಗ ಬೇರೆಡೆಗೆ ನನ್ನ ತಾತ್ಕಾಲಿಕ ನಿಯೋಜನೆಯ ಫೈಲು ಹಿಡಿದು ಕಚೇರಿ ಕಚೇರಿ ಅಲೆದವರು ಇದೇ ಅಧ್ಯಕ್ಷರು. ನನ್ನ ಪತಿಯೂ ಶಿಕ್ಷಕರು. ಮನೆ ಕಟ್ಟಲು ಅವರು ಹಾಕಿದ ಸಾಲದ ಅರ್ಜಿ ಶಿಕ್ಷಕರ ಪತ್ತಿನ ಸಹಕಾರಿ ಸಂಘದಲ್ಲಿದೆ, ಅಲ್ಲಿ ನಿರ್ದೇಶಕರೂ ಇದೇ ಗುಂಪಿನವರು. ‘ನಿನಗ್ಯಾಕ ಬೇಕು ಊರ ಉಸಾಬರಿ’ ಎನ್ನುತ್ತಾರೆ ಪತಿ. ನಾನು ಏನು ಮಾಡಲಿ?

ಉತ್ತರ: ಅಕ್ಕೋರೆ, ಮೊದಲು ನಿಮ್ಮ ಎದೆಯ ಮೇಲಿನ ಭಾರದ ಮಾತು. ತಾಯಿಯ ಕಾಯಿಲೆಯ ಕಾರಣಕ್ಕೆ ನಿಯೋಜನೆ ಕೇಳಿದ್ದು ನೀವು, ಆದೇಶ ಮಾಡಿದ್ದು ಇಲಾಖೆಯ ಅಧಿಕಾರಿ. ನಡುವೆ ಓಡಾಡಿದ್ದು ಅಧ್ಯಕ್ಷರು. ಆ ಓಡಾಟಕ್ಕೆ ಕೃತಜ್ಞತೆ ಸಲ್ಲಲೇಬೇಕು, ಅದನ್ನು ಬಾಯಿಬಿಟ್ಟು ಹೇಳಿಯೂ ಬಿಡಿ. ಆದರೆ ಅವರು ಅಂದು ಓಡಾಡಿದ್ದು ಸದಸ್ಯರ ವಂತಿಗೆಯಿಂದ ನಡೆಯುವ ಸಂಘದ ಅಧ್ಯಕ್ಷರಾಗಿ. ಅದೇ ಸದಸ್ಯರು ವಂತಿಗೆ ಏನಾಯಿತು ಎಂದು ಕೇಳಿದರೆ ನಿಮ್ಮ ಋಣಕ್ಕೇನೂ ಭಂಗವಿಲ್ಲ. ಕೇಳುವ ರೀತಿ ತಪ್ಪಿದರೆ ಮಾತ್ರ ಭಂಗ. ಅವರಿಗೆ ನಿಮ್ಮ ಪತ್ರದ ಸುದ್ದಿ ಮೂರನೆಯವರಿಂದ, ಅದೂ ವಾಟ್ಸ್‌ಆ್ಯಪ್‌ ಗುಂಪಿನಲ್ಲಿ ಸಿಕ್ಕರೆ ಅವರು ನೊಂದುಕೊಳ್ಳುವುದು ನ್ಯಾಯವೇ. ಆದ್ದರಿಂದ ಪತ್ರ ಕೊಡುವ ಮುನ್ನ ಒಂದು ಭಾನುವಾರ ಅವರ ಮನೆಗೆ ಹೋಗಿ ಬನ್ನಿ. ‘ಸರ್, ನಮ್ಮವ್ವನ ಸಲುವಾಗಿ ನೀವು ಪಟ್ಟ ತ್ರಾಸು ಮರೆತಿಲ್ಲ. ಲೆಕ್ಕದ ಬಗ್ಗೆ ನಮ್ಮ ಮಂದಿ ಕೇಳಾಕತ್ತಾರ, ಬರವಣಿಗೆಯಲ್ಲೇ ಕೇಳೋಣ ಅಂತ ಮಾಡೀವಿ. ನಿಮಗ ಮೊದಲ ಹೇಳಬೇಕು ಅನಿಸ್ತು.’ ಇಷ್ಟೇ ಸಾಕು. ಅಲ್ಲಿ ವಾದ ಬೇಡ. ‘ಸಂಘ ಅಂದ್ರ ಮನಿ ಇದ್ದಂಗ, ಮನಿ ಲೆಕ್ಕ ಬೀದಿಗೆ ತರಬಾರದು’ ಎಂದರೆ, ‘ಅದಕ್ಕ ಮನ್ಯಾಗ ಕೇಳಾಕ ಬಂದೀನ್ರಿ’ ಎನ್ನಿ.

ಇನ್ನು ನಿಮ್ಮ ಗೆಳೆಯರ ಪತ್ರದ ತಪ್ಪು. ನಿಮ್ಮ ಬರಹ ನೋಡಿದರೆ ಅದರಲ್ಲಿ ಎರಡು ಬೇರೆ ಜಗಳಗಳು ಒಂದೇ ಚೀಲದಲ್ಲಿವೆ. ಒಂದು, ದುಡ್ಡಿನ ಲೆಕ್ಕ. ಇನ್ನೊಂದು, ಸಂಘ ಯಾರ ಬೇಡಿಕೆಗೆ ದುಡಿಯಬೇಕು ಎಂಬುದು. ಎರಡನ್ನೂ ಒಂದೇ ಪತ್ರದಲ್ಲಿ ಬರೆದರೆ ಅಧ್ಯಕ್ಷರು ಎನ್‌ಪಿಎಸ್ ಬಗ್ಗೆ ಎರಡು ಪುಟ ಭಾವುಕ ಉತ್ತರ ಕೊಟ್ಟು ಲೆಕ್ಕದ ಸಾಲನ್ನು ದಾಟಿಬಿಡುತ್ತಾರೆ. ಎರಡು ಪತ್ರ ಮಾಡಿ, ನಡುವೆ ಒಂದು ತಿಂಗಳು ಬಿಡಿ. ಲೆಕ್ಕದ್ದು ಮೊದಲು.

ಲೆಕ್ಕ ಕೇಳುವ ಮುನ್ನ ಯಾವ ಹಣ ಯಾರದ್ದು ಎಂದು ಬಿಡಿಸಿಕೊಳ್ಳಿ. ಸಂಘದ ವಂತಿಗೆ ಒಂದು ಖಾತೆ. ಗುರುಭವನದ ಹಣ ಹಲವು ತಾಲ್ಲೂಕುಗಳಲ್ಲಿ ಸಂಘದ ಖಾತೆಯಲ್ಲಿ ಇರುವುದೇ ಇಲ್ಲ, ಅದಕ್ಕೆ ಅಧಿಕಾರಿಗಳೂ ಇರುವ ಬೇರೆ ಸಮಿತಿ ಇರುತ್ತದೆ. ಪತ್ತಿನ ಸಂಘ ಸಹಕಾರಿ ಕಾಯ್ದೆಯಡಿ ಬರುವ ಮೂರನೆಯ ಸಂಸ್ಥೆ. ಶಿಕ್ಷಕರ ಕಲ್ಯಾಣ ನಿಧಿಯಂತೂ ಸರ್ಕಾರದ್ದು. ನಾಲ್ಕಕ್ಕೂ ಓಡಾಡುವ ಮುಖಗಳು ಅವೇ ಆಗಿರುವುದರಿಂದ ಎಲ್ಲವೂ ‘ಸಂಘದ ದುಡ್ಡು’ ಎನಿಸುತ್ತದೆ. ಗುರುಭವನದ 1,000 ರೂಪಾಯಿಯ ರಸೀದಿ ಹುಡುಕಿ, ಅದರ ತಲೆಬರಹದಲ್ಲಿ ಯಾರ ಹೆಸರಿದೆ ನೋಡಿ. ರಸೀದಿಯೇ ಕೊಟ್ಟಿಲ್ಲವಾದರೆ ಪತ್ರದ ಮೊದಲ ಪ್ರಶ್ನೆ ಅದೇ ಆಗಲಿ.

ಜಮೆಯ ಬದಿ ನೀವೇ ಕಟ್ಟಿಕೊಳ್ಳಬಹುದು. ತಾಲ್ಲೂಕಿನಲ್ಲಿ 600 ಶಿಕ್ಷಕರಿದ್ದಾರೆ ಎಂದಿಟ್ಟುಕೊಂಡರೆ ತಲಾ 200ರಂತೆ ವರ್ಷಕ್ಕೆ 1,20,000, ಮೂರು ವರ್ಷಕ್ಕೆ 3,60,000. ಇದೆಲ್ಲ ತಾಲ್ಲೂಕಿನಲ್ಲೇ ಉಳಿಯುತ್ತದೆಂದು ತಿಳಿಯಬೇಡಿ. ಜಿಲ್ಲೆಗೆ, ರಾಜ್ಯಕ್ಕೆ ಪಾಲು ಹೋಗುತ್ತದೆ, ಆ ಪಾಲು ಎಷ್ಟೆಂದು ಬೈಲಾದಲ್ಲಿರುತ್ತದೆ. ನಿಖರ ಮೊತ್ತ ಬೇಕಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ‘ಇಂಥ ಮೂರು ವರ್ಷಗಳಲ್ಲಿ ಶಿಕ್ಷಕರ ವೇತನದಿಂದ ಕಟಾಯಿಸಿದ ಸಂಘದ ವಂತಿಗೆಯ ಒಟ್ಟು ಮೊತ್ತ ಮತ್ತು ಅದು ಜಮೆಯಾದ ಖಾತೆ’. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ನಮ್ಮ ಮೇಷ್ಟ್ರುಗಳು ಪೀಠಿಕೆ ಬರೆದು ಬರೆದು ಎಡವುವುದು ಇಲ್ಲೇ. ಹೆಸರುಗಳ ಪಟ್ಟಿ ಕೇಳಬೇಡಿ, ‘ವೈಯಕ್ತಿಕ ಮಾಹಿತಿ’ ಎಂದು ತಿರಸ್ಕರಿಸಲು ಅದೊಂದು ನೆಪವಾಗುತ್ತದೆ. ಮತ್ತೊಂದು ಮಾತು: ನೀವೇ ಅರ್ಜಿ ಹಾಕಿದರೆ ಸಂಜೆಯೊಳಗೆ ಸುದ್ದಿ ಮುಟ್ಟುತ್ತದೆ. ಅರ್ಜಿ ಯಾವ ನಾಗರಿಕರೂ ಹಾಕಬಹುದು, ಕಾರಣ ಹೇಳಬೇಕಿಲ್ಲ. ನಿವೃತ್ತರಾದ ಗುರುಗಳೊಬ್ಬರನ್ನು ಕೇಳಿ.

ಸಂಘದ ರಸೀದಿ ಅಥವಾ ಲೆಟರ್‌ಹೆಡ್‌ ಮೇಲೆ ನೋಂದಣಿ ಸಂಖ್ಯೆ ಇರುತ್ತದೆ, ಅದನ್ನು ಬರೆದುಕೊಳ್ಳಿ. ಇದನ್ನು ನೋಡದೆ ದೂರು ಕೊಡುವವರೇ ಹೆಚ್ಚು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ನೋಂದಾಯಿತ ಸಂಘ ವರ್ಷಕ್ಕೊಮ್ಮೆ ಸಾಮಾನ್ಯ ಸಭೆ ನಡೆಸಬೇಕು, ಲೆಕ್ಕಪರಿಶೋಧನೆಯಾದ ಲೆಕ್ಕ ಮಂಡಿಸಬೇಕು, ಅದನ್ನೂ ಆಡಳಿತ ಮಂಡಳಿಯ ಪಟ್ಟಿಯನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಆದರೆ ರಾಜ್ಯ ಮಟ್ಟದ ಸಂಘಗಳಲ್ಲಿ ನೋಂದಣಿಯಾಗಿರುವುದು ಸಾಮಾನ್ಯವಾಗಿ ಬೆಂಗಳೂರಿನ ಕೇಂದ್ರ ಸಂಘ, ತಾಲ್ಲೂಕು ಘಟಕ ಅದರ ಕೊಂಬೆ. ಹಾಗಿದ್ದರೆ ಗದಗದ ನೋಂದಣಾಧಿಕಾರಿ ‘ನಮ್ಮ ವ್ಯಾಪ್ತಿಯದಲ್ಲ’ ಎಂದು ಹಿಂದಕ್ಕೆ ಕಳಿಸುತ್ತಾರೆ, ಅಧ್ಯಕ್ಷರ ಕಡೆಯವರು ‘ದೂರು ವಜಾ ಆತು’ ಎಂದು ಊರೆಲ್ಲ ಸಾರುತ್ತಾರೆ. ಕಾಯ್ದೆಯ 25ನೇ ಕಲಂನಲ್ಲಿ ಸದಸ್ಯರ ಮೂರನೇ ಒಂದರಷ್ಟು ಮಂದಿ ಅರ್ಜಿ ಹಾಕಿದರೆ ವಿಚಾರಣೆ ನಡೆಯಲೇಬೇಕು ಎಂದಿದೆ. ರಾಜ್ಯದ ಸಂಘದಲ್ಲಿ ಮೂರನೇ ಒಂದು ಎಂದರೆ ನಿಮ್ಮ ಕೈಗೆಟುಕದ ಸಂಖ್ಯೆ. ನೋಂದಣಾಧಿಕಾರಿ ಸ್ವಯಂಪ್ರೇರಿತರಾಗಿಯೂ ವಿಚಾರಣೆ ಮಾಡಬಹುದು, ಅದನ್ನು ನಂಬಿ ಕೂರುವುದು ಬೇಡ.

ನಿಮಗೆ ದಕ್ಕುವ ದಾರಿ ಬೈಲಾದಲ್ಲಿದೆ. ಅದರ ಪೂರ್ತಿ ಪ್ರತಿ ತರಿಸಿ, ಮೂರು ಜಾಗಕ್ಕೆ ಗುರುತು ಹಾಕಿ: ಘಟಕದ ಸಭೆ ಎಷ್ಟು ತಿಂಗಳಿಗೊಮ್ಮೆ, ಎಷ್ಟು ಸದಸ್ಯರು ಲಿಖಿತವಾಗಿ ಕೇಳಿದರೆ ವಿಶೇಷ ಸಾಮಾನ್ಯ ಸಭೆ ಕರೆಯಬೇಕು, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಎಷ್ಟು. ಬೈಲಾ ಕೇಳುವ ಸಂಖ್ಯೆ 60 ಇದ್ದರೆ 90 ಸಹಿ ಮಾಡಿಸಿ. ಪತ್ರ ಮುಟ್ಟಿದ ರಾತ್ರಿಯೇ ಫೋನುಗಳು ಶುರುವಾಗುತ್ತವೆ, ಶಿಕ್ಷಕಿಯರಿಗಲ್ಲ, ಅವರ ಗಂಡಂದಿರಿಗೆ. ಮರುದಿನ ‘ನನ್ನ ಸಹಿ ತಪ್ಪು ತಿಳಿವಳಿಕೆಯಿಂದ ಆದದ್ದು’ ಎಂಬ ಚೀಟಿಗಳು ಬರುತ್ತವೆ. ಪ್ರತಿ ಹಾಳೆಯ ತಲೆಯ ಮೇಲೂ ಬೇಡಿಕೆಯ ಪೂರ್ತಿ ವಾಕ್ಯ ಅಚ್ಚಾಗಿರಲಿ. ಖಾಲಿ ಹಾಳೆಯ ಸಹಿಗೆ ಬೆಲೆಯಿಲ್ಲ. ಸಹಿಗಳು ಶಾಲೆಗಳ ಹೆಸರಿನ ಅಕಾರಾದಿ ಕ್ರಮದಲ್ಲಿರಲಿ. ಆಗ ‘ಮೊದಲ ಸಹಿ’ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ, ನಿಮ್ಮ ಅರ್ಧ ಚಿಂತೆ ಅಲ್ಲಿಗೆ ಮುಗಿಯುತ್ತದೆ.

ಪತ್ರ ಒಂದೇ ಪುಟ ಇರಲಿ. ‘ಅವ್ಯವಹಾರ’, ‘ನುಂಗಿದ್ದಾರೆ’ ಎಂಬ ಪದಗಳು ಬೇಡವೇ ಬೇಡ. ಅವು ಮಾನನಷ್ಟದ ಮೊಕದ್ದಮೆಗೆ ದಾರಿ ಮಾಡಿಕೊಡುತ್ತವೆ, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಅದಕ್ಕೇ ಇದೆ. ಕೇಳಬೇಕಾದ್ದು ಮೂರು ವರ್ಷದ ಜಮಾ-ಖರ್ಚು, ಬ್ಯಾಂಕ್‌ ಪಾಸ್‌ಬುಕ್ಕಿನ ಪ್ರತಿ, ಲೆಕ್ಕಪರಿಶೋಧನಾ ವರದಿ, ಸಭೆಯ ದಿನಾಂಕ. ಲೆಕ್ಕದ ಪ್ರತಿ ಸಭೆಗೆ ಏಳು ದಿನ ಮೊದಲು ಕೈಗೆ ಸಿಗಬೇಕು ಎಂದೂ ಬರೆಯಿರಿ. ಯಾಕೆಂದರೆ ಇಂಥ ಸಭೆಗಳ ಪಾಡು ಗೊತ್ತಿರುವುದೇ: ಹನ್ನೊಂದಕ್ಕೆ ಶುರು, ಒಂದೂವರೆ ತಾಸು ಸನ್ಮಾನ, ಒಳಗಿಂದ ಗೋಧಿ ಹುಗ್ಗಿಯ ವಾಸನೆ ಬರುವ ಹೊತ್ತಿಗೆ ಖಜಾಂಚಿ ಎದ್ದು ನಾಲ್ಕು ಅಂಕಿ ಓದುತ್ತಾರೆ, ಚಪ್ಪಾಳೆ ಬೀಳುತ್ತದೆ, ನಡಾವಳಿಯಲ್ಲಿ ‘ಓದಿ ಅಂಗೀಕರಿಸಲಾಯಿತು’ ಎಂದು ಬರೆದಾಗುತ್ತದೆ.

ಲೆಕ್ಕದ ಹಾಳೆ ಕೈಗೆ ಬಂದ ಮೇಲೆ ಖರ್ಚಿನ ಸಾಲುಗಳಿಗೆ ಓಡಬೇಡಿ. ಮೊದಲು ಶಿಲ್ಕು, ಅಂದರೆ ಉಳಿದ ಹಣ, ನೋಡಿ. ಒಂದು ವರ್ಷದ ಆಖೈರು (ಕೊನೆಯ) ಶಿಲ್ಕು ಮುಂದಿನ ವರ್ಷದ ಆರಂಭಿಕ ಶಿಲ್ಕಿಗೆ ಪೈಸೆ ಸಹಿತ ಕೂಡಬೇಕು. ಮಾರ್ಚ್‌ 31ರ ಪಾಸ್‌ಬುಕ್ಕಿನ ಮೊತ್ತ ಮತ್ತು ಕೈಶಿಲ್ಕು ಸೇರಿಸಿದರೆ ಆಖೈರು ಶಿಲ್ಕು ಬರಬೇಕು. ಬರದಿದ್ದರೆ ಅಂದು ಕೊಟ್ಟು ಇನ್ನೂ ನಗದಾಗದ ಚೆಕ್ಕುಗಳಿವೆಯೇ ಕೇಳಿ. ಇದ್ದರೆ ಅದು ತಪ್ಪಲ್ಲ. ಕೈಶಿಲ್ಕು ಹತ್ತಾರು ಸಾವಿರ ಇದ್ದರೆ ಅದು ಯಾರ ಹತ್ತಿರ ಇತ್ತು ಎಂದು ಕೇಳಿ. ಆಮೇಲೆ ‘ಇತರೆ ಖರ್ಚು’. ಶಾಲು, ಹಾರ, ಬಾಡಿಗೆ ಕಾರಿಗೆ ಬೇರೆ ಬೇರೆ ಸಾಲು ಇದ್ದೂ ‘ಇತರೆ’ಯೇ ಎಲ್ಲಕ್ಕಿಂತ ದೊಡ್ಡದಿದ್ದರೆ ಅದರ ವೋಚರು ಕೇಳಿ. ಬಹಳ ಕಡೆ ಕೊನೆಗೆ ತಿಳಿದುಬರುವುದು ಕಳ್ಳತನವಲ್ಲ, ಸೋಮಾರಿತನ. ಪಾವತಿ (ರಸೀದಿ) ಹರಿದುಕೊಳ್ಳದೆ, ಜೇಬಿನಿಂದ ಕೊಟ್ಟು, ವರ್ಷದ ಕೊನೆಗೆ ಅಂದಾಜಿನಲ್ಲಿ ಬರೆದುಬಿಟ್ಟಿರುತ್ತಾರೆ. ನಿಮ್ಮ ಅಧ್ಯಕ್ಷರೂ ಹಾಗೇ ಸಿಕ್ಕಿಕೊಂಡಿರಬಹುದು. ಹಾಗಿದ್ದರೆ ಎರಡು ತಿಂಗಳು ಸಮಯ ಕೊಟ್ಟು, ಇನ್ನು ಮುಂದೆ ಇಬ್ಬರ ಸಹಿಯಿಲ್ಲದೆ ಹಣ ತೆಗೆಯಬಾರದೆಂದು ಠರಾವು ಮಾಡಿಸಿ.

ಎರಡನೆಯ ಪತ್ರದ ವಿಷಯ ಸಿಟ್ಟಿನದ್ದಲ್ಲ, ವಯಸ್ಸಿನದ್ದು. 2006ರ ಏಪ್ರಿಲ್‌ 1ಕ್ಕಿಂತ ಮೊದಲು ಸೇರಿದವರಿಗೆ ಹಳೆ ಪಿಂಚಣಿ ಉಂಟು, ಆಮೇಲೆ ಸೇರಿದವರು ಎನ್‌ಪಿಎಸ್‌. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 60,000 ಇದ್ದರೆ ನಿಮಗೆ ಪ್ರತಿ ತಿಂಗಳು 6,000 ಕಟಾವು, ಆ ಹಿರಿಯರಿಗೆ ಅದು ಇಲ್ಲ. 2006ಕ್ಕೆ ಮೊದಲಿನ ಅಧಿಸೂಚನೆಯಲ್ಲಿ ಆಯ್ಕೆಯಾಗಿ ತಡವಾಗಿ ಸೇರಿದ ಸುಮಾರು 13,000 ನೌಕರರಿಗೆ 2024ರ ಜನವರಿಯಲ್ಲಿ ಸರ್ಕಾರ ಹಳೆ ಪಿಂಚಣಿಯ ಅವಕಾಶ ಕೊಟ್ಟಿತು. ಉಳಿದವರ ಪಾಡು ಹಾಗೇ ಇದೆ. 2017ರ ವೃಂದ ಮತ್ತು ನೇಮಕಾತಿ ನಿಯಮದ ಕಥೆಯೂ ಅಷ್ಟೇ: ಆರರಿಂದ ಎಂಟನೇ ತರಗತಿ ‘ಪದವೀಧರ ಶಿಕ್ಷಕರು’ ಎಂಬ ಬೇರೆ ವೃಂದಕ್ಕೆ ಹೋಗಿ, ಒಂದರಿಂದ ಏಳರವರೆಗೆ ಪಾಠ ಮಾಡಲು ಬಂದವರು ಕಾಗದದ ಮೇಲೆ ಒಂದರಿಂದ ಐದಕ್ಕೆ ಇಳಿದರು. ನಿವೃತ್ತಿಯ ಹೊಸ್ತಿಲಲ್ಲಿರುವವರಿಗೆ ಇದು ಚುಚ್ಚುವುದಿಲ್ಲ. ‘ಹೋರಾಟ ಮಾಡಿ’ ಎಂದು ಬರೆದರೆ ‘ಮಾಡುತ್ತಿದ್ದೇವೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ತಾಲ್ಲೂಕು ಘಟಕ ಸರ್ಕಾರದ ಜತೆ ಮಾತಾಡುವಂತಿಲ್ಲ, ಮೇಲಕ್ಕೆ ಠರಾವು ಕಳಿಸಬಹುದು. ಹಾಗಾಗಿ ಕೇಳಬೇಕಾದ್ದು ಈ ಎರಡು ವಿಷಯಕ್ಕೆ ಒಂದು ಉಪಸಮಿತಿ, ಅದರಲ್ಲಿ ಅರ್ಧದಷ್ಟಾದರೂ 2006ರ ನಂತರ ಸೇರಿದವರು, ಠರಾವಿನ ಪ್ರತಿ ಜಿಲ್ಲಾ ಘಟಕಕ್ಕೆ ಮುಟ್ಟಿದ ಸ್ವೀಕೃತಿ. ಮುಂದಿನ ಚುನಾವಣೆಯ ಮತದಾರರ ಪಟ್ಟಿಯಲ್ಲಿ ಕಿರಿಯರ ಹೆಸರಿದೆಯೇ ಎಂದು ಈಗಲೇ ನೋಡಿ. ವಂತಿಗೆ ಕಟಾವಾಗಿದ್ದರೂ ಹೆಸರು ಬಿಟ್ಟುಹೋಗಿದೆ ಎಂಬುದು ನಾಮಪತ್ರದ ದಿನವೇ ತಿಳಿಯುವುದುಂಟು.

ಹೊಸ ಸಂಘದ ಮಾತು ಸದ್ಯಕ್ಕೆ ಬಿಡಿ. ಏಳು ಜನ ಸೇರಿದರೆ ನೋಂದಣಿ ಆಗುತ್ತದೆ, ಸರ್ಕಾರದ ಮಾನ್ಯತೆ ಅಷ್ಟು ಸಲೀಸಲ್ಲ. ಅದಿಲ್ಲದ ಸಂಘದ ಮನವಿಗೆ ಕಚೇರಿಯಲ್ಲಿ ಕುರ್ಚಿಯೂ ಸಿಗದು. ಈಗಿರುವ ಸಂಘದಲ್ಲಿ ಚುನಾವಣೆ ಗೆಲ್ಲುವ ಮತಗಳನ್ನು ನೀವೇ ಹೊರಗೆ ಒಯ್ದಂತೆಯೂ ಆಗುತ್ತದೆ.

ವರ್ಗಾವಣೆಯ ಬೆದರಿಕೆ ಬಂದರೆ ಹೆದರಬೇಡಿ. ಶಿಕ್ಷಕರ ವರ್ಗಾವಣೆ 2020ರ ಕಾಯ್ದೆಯಂತೆ ಕೌನ್ಸೆಲಿಂಗ್‌ನಲ್ಲಿ ನಡೆಯುತ್ತದೆ, ಯಾರೊಬ್ಬರ ಕಿಸೆಯಲ್ಲೂ ಇಲ್ಲ. ಸಂಘದೊಳಗೆ ಲೆಕ್ಕ ಕೇಳುವುದು ಸರ್ಕಾರದ ಟೀಕೆಯೂ ಅಲ್ಲ. ಆದರೆ ಸಹಿ ಸಂಗ್ರಹ ಶಾಲೆಯ ವೇಳೆಯಲ್ಲಿ ಬೇಡ, ಪತ್ರಿಕೆಯವರ ಮುಂದೆ ಮಾತು ಬೇಡ. ಸರ್ಕಾರಿ ನೌಕರರ ನಡತೆ ನಿಯಮದ ನೋಟಿಸು ಬರುವುದು ಅಂಥ ಸಣ್ಣ ಸಂದಿಯಿಂದಲೇ.

ಉಳಿದದ್ದು ಪತಿಯವರ ಸಾಲ. ಅವರ ಭಯವನ್ನು ಹಗುರವಾಗಿ ಕಾಣಬೇಡಿ. ಪತ್ತಿನ ಸಂಘ ಸಾಲ ಕೊಡುವುದು ಅದರ ಉಪವಿಧಿಯಂತೆ, ನಿಮ್ಮ ಸಹಿ ನೋಡಿ ಅಲ್ಲ. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಜಿಲ್ಲೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನಿರ್ದೇಶಕರು ನೇರವಾಗಿ ‘ಇಲ್ಲ’ ಎನ್ನುವುದೂ ಇಲ್ಲ, ಕಾಗದ ಕಡಿಮೆ ಇದೆ ಎಂದು ತಿಂಗಳುಗಟ್ಟಲೆ ಎಳೆಯುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಜಾಮೀನು ಹಾಕಿದ ಸಹೋದ್ಯೋಗಿಯ ಮೇಲೆ ಒತ್ತಡ ಬಂದು ಆತ ಹಿಂದೆ ಸರಿಯುತ್ತಾನೆ. ಹಾಗಾಗಿ ವೇತನ ಪ್ರಮಾಣಪತ್ರ, ಜಾಮೀನುದಾರರ ಸಹಿ ಎಲ್ಲ ಸೇರಿಸಿ ಅರ್ಜಿ ಪೂರ್ತಿಗೊಳಿಸಿ, ದಿನಾಂಕ ಮತ್ತು ಮೊಹರಿನ ಸ್ವೀಕೃತಿ ಪಡೆಯಿರಿ. ಪತಿಯವರ ಜತೆ ಕೂತು, ಇವರು ಹಿಂದೆ ಸರಿದರೆ ಮತ್ತೊಬ್ಬರು ಯಾರು ಎಂದು ಹೆಸರು ಗೊತ್ತುಮಾಡಿ. ತಡೆಯಬಹುದಾದರೆ ಸಾಲ ಮಂಜೂರಾಗುವವರೆಗೆ ಪತ್ರ ತಡೆಯಿರಿ. ಒಂದೂವರೆ ತಿಂಗಳು ತಡವಾದರೆ ಮೂರು ವರ್ಷದ ಲೆಕ್ಕ ಓಡಿಹೋಗುವುದಿಲ್ಲ. ಅಷ್ಟರಲ್ಲಿ ಬೈಲಾ ಕೈಗೆ ಬಂದಿರುತ್ತದೆ, ಬಿಇಒ ಕಚೇರಿಯ ಉತ್ತರವೂ ಬಂದಿರುತ್ತದೆ.