ಆರನೇ ಗ್ಲಾಸಿನ ನಂತರ ಎಲ್ಲ ಬರ್ಬನ್ ಒಂದೇ ಥರ ಅನ್ನಿಸಿದರೆ

ಹತ್ತು ಬರ್ಬನ್ (ಮುಖ್ಯವಾಗಿ ಮೆಕ್ಕೆಜೋಳದಿಂದ ಮಾಡುವ ಅಮೆರಿಕನ್ ವಿಸ್ಕಿ) ಬ್ಲೈಂಡ್ ಆಗಿ, ಅಂದರೆ ಯಾವುದು ಯಾವುದೆಂದು ತಿಳಿಯದಂತೆ ರುಚಿ ನೋಡುವಾಗ ಆರನೆಯದರಿಂದಾಚೆ ವ್ಯತ್ಯಾಸವೇ ತಿಳಿಯುತ್ತಿಲ್ಲ, ಅಂಕವೆಲ್ಲ ಗಂಟಲು ಸುಡುವುದಕ್ಕೇ ಹೋಗುತ್ತಿದೆ ಅಂದಿದ್ದೀರಿ. ಬಹುಶಃ ಗ್ಲಾಸ್ ಇಟ್ಟ ಕ್ರಮವೇ ಕಾರಣ. ಬರ್ಬನ್ 40% ಆಲ್ಕೋಹಾಲ್‌ಗೂ ಬಾಟಲಿಗೆ ಬರುತ್ತದೆ, ಬ್ಯಾರೆಲ್ ಪ್ರೂಫ್ (ಪೀಪಾಯಿಯಿಂದ ನೀರು ಬೆರೆಸದೆ ತುಂಬಿದ್ದು) ಆದರೆ 60% ದಾಟುವುದೂ ಉಂಟು. ನಡುವೆ ಅಂಥದ್ದೊಂದು ಬಂದರೆ ನಾಲಿಗೆ ಜೋಮು ಹಿಡಿದು, ಹಿಂದೆ ಬರುವ 45%ದ್ದು ನೀರು ನೀರು ಅನ್ನಿಸುತ್ತದೆ.

ಐದೈದರ ಎರಡು ಸುತ್ತು ಮಾಡಿ. ಪ್ರತಿ ಸುತ್ತನ್ನೂ ಕಡಿಮೆ ಪ್ರೂಫ್‌ನಿಂದ (ಆಲ್ಕೋಹಾಲ್ ಪ್ರಮಾಣದಿಂದ) ಹೆಚ್ಚಿಗೆ ಬೇರೊಬ್ಬರ ಕೈಲಿ ಜೋಡಿಸಿ, 417, 862 ಥರದ ಕೋಡ್ ಹಾಕಿಸಿ. ತಲಾ 15 ಮಿಲಿ ಸಾಕು. ಒಂದೇ ಆಕಾರದ ಗ್ಲಾಸ್, ಮೇಲೆ ಮುಚ್ಚಳ. ಮೊದಲು ಐದನ್ನೂ ಮೂಸಿ, ಬಾಯಿ ಸ್ವಲ್ಪ ತೆರೆದಿರಲಿ, ಮೂಗನ್ನು ಗ್ಲಾಸಿನೊಳಗೆ ತುರುಕಬೇಡಿ. ಪರಿಮಳದ ಅಂಕ ಬರೆದ ಮೇಲೆಯೇ ರುಚಿ. ಮೊದಲ ಗುಟುಕು ಬಾಯಿ ಪಳಗಿಸಲು ಮಾತ್ರ, ಎರಡನೆಯದಕ್ಕೆ ಅಂಕ. ಉಗುಳಲೇಬೇಕು, ಇದರಲ್ಲಿ ಸಂಕೋಚ ಬೇಡ. ಸುತ್ತಿನ ನಡುವೆ ಇಪ್ಪತ್ತು ನಿಮಿಷ ಬಿಡುವು, ನೀರು, ಸಪ್ಪೆ ಬ್ರೆಡ್.

ಉರಿಯೇ ಗೆಲ್ಲುತ್ತಿದೆಯೇ ಎಂದು ನೋಡಲು 60%ದ 15 ಮಿಲಿಗೆ 3 ಮಿಲಿ ನೀರು ಬೆರೆಸಿ, 50% ಆಗುತ್ತದೆ. ಆಗಲೂ ವೆನಿಲ್ಲಾ, ಕ್ಯಾರಮೆಲ್, ರೈ ಧಾನ್ಯ ಕೊಡುವ ಕಾಳುಮೆಣಸಿನ ಖಾರ ಗಟ್ಟಿಯಾಗಿ ನಿಂತರೆ ಆ ಅಂಕ ನ್ಯಾಯವಾದದ್ದು. ಪೀಪಾಯಿಯ ಸುಟ್ಟ ಓಕ್ ಮರದ ಒಗರಷ್ಟೇ ಉಳಿದರೆ ಇಳಿಸಿ.

ಒಂದೇ ಬರ್ಬನ್ನನ್ನು ಎರಡೂ ಸುತ್ತಿನಲ್ಲಿ ಬೇರೆ ಕೋಡ್‌ನಲ್ಲಿ ಗುಟ್ಟಾಗಿ ಇಡಿಸಿ. ನೂರಕ್ಕೆ ನಾಲ್ಕೈದು ಅಂಕಕ್ಕಿಂತ ಹೆಚ್ಚು ಅಂತರ ಬಂದರೆ ಆ ದಿನದ ಪಟ್ಟಿ ಬದಿಗಿಟ್ಟು, ಮರುದಿನ ಬೆಳಿಗ್ಗೆ ಕಾಫಿಗೂ ಮುಂಚೆ ಮತ್ತೆ ಕೂರಿ. ಅಂತರ ಕಡಿಮೆಯಿದ್ದೂ ಹೆಚ್ಚು ಪ್ರೂಫ್‌ನದ್ದೇ ಗೆದ್ದರೆ ಅದು ದಣಿವಲ್ಲ, ನಿಮ್ಮ ಒಲವು ಇರಬಹುದು; 50%ರ ಮೇಲಿನವನ್ನು ಬೇರೆ ವರ್ಗ ಮಾಡಿ.