ಹೊಸತನಕ್ಕೆ ವಾರ್ಡಿನಲ್ಲಿ ಜಾಗವಿಲ್ಲವೇ?

ಪ್ರಶ್ನೆ: ನಾನು ಬಿ.ಎಸ್ಸಿ. ನರ್ಸಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ವಾರ್ಡ್ ಪೋಸ್ಟಿಂಗ್‌ನಲ್ಲಿದ್ದಾಗ, ಲಕ್ವ ಹೊಡೆದು ಮಾತು ನಿಂತುಹೋಗಿದ್ದ ಅಜ್ಜಿಯೊಬ್ಬರಿಗಾಗಿ ಔಷಧದ ಡಬ್ಬಿಯ ರಟ್ಟಿನ ಮೇಲೆ ಲೋಟ, ಫ್ಯಾನು, ದಿಂಬು, ಬೆಡ್‌ಪ್ಯಾನ್‌ಗಳ ಚಿತ್ರ ಬರೆದೆ. ಅವರು ಫ್ಯಾನಿನ ಮೇಲೆ ಬೆರಳಿಟ್ಟರು. ನಾನು ಫ್ಯಾನು ನಿಲ್ಲಿಸಿದ ಮೇಲೆ ನೆಮ್ಮದಿಯಾಗಿ ಮಲಗಿದರು. ಇನ್‌ಚಾರ್ಜ್ ಸಿಸ್ಟರ್ ಮಾತ್ರ, "ಹೇಳಿದ ಕೆಲಸ ಮಾಡಿ ಸಾಕು, ಹೊಸದೇನೂ ಬೇಡ" ಎಂದು ಗದರಿದರು. ನಾನು ಮಾಡಿದ್ದು ತಪ್ಪೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತಪ್ಪಲ್ಲ. ಆ ಅಜ್ಜಿಗೆ ಚಳಿಯಾಗುತ್ತಿದೆ ಎಂಬುದು ಯಾವ ಚಾರ್ಟಿನಲ್ಲೂ ಬರೆದಿರಲಿಲ್ಲ. ಅವರ ಮುಖವನ್ನು ನೋಡುತ್ತ ನಿಂತದ್ದರಿಂದಲೇ ನಿಮಗೆ ರಟ್ಟಿನ ಉಪಾಯ ಹೊಳೆಯಿತು.

ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಜೀನ್ ವಾರ್ಡ್ ಅವರು, ಗಾಳಿ ಬೆಳಕು ಸಿಗಲೆಂದು ಕೂಸುಗಳನ್ನು ಬಿಸಿಲಿದ್ದ ದಿನ ಅಂಗಳಕ್ಕೆ ಒಯ್ಯುತ್ತಿದ್ದರು. 1956ರಲ್ಲಿ ರೌಂಡ್ಸ್‌ಗೆ ಬಂದ ವೈದ್ಯರಿಗೆ ಅವರು ಒಂದು ಕೂಸಿನ ಬಟ್ಟೆ ಸರಿಸಿ ತೋರಿಸಿದರು. ಕಾಮಾಲೆಯ ಹಳದಿ ಮೈಮೇಲೆಲ್ಲ ತಿಳಿಯಾಗಿ, ಹೊದಿಕೆಯ ಮೂಲೆ ಮುಚ್ಚಿದ್ದ ತ್ರಿಕೋನದಷ್ಟು ಜಾಗದಲ್ಲಿ ಮಾತ್ರ ಗಾಢವಾಗಿ ಉಳಿದಿತ್ತು. ಅದೇ ಆಸ್ಪತ್ರೆಯವರು ಈ ಜಾಡು ಹಿಡಿದು ಪ್ರಯೋಗ ನಡೆಸಿ, 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದು ನಮ್ಮ ನವಜಾತ ಶಿಶು ಘಟಕಗಳಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿ, ನೀಲಿ ಬೆಳಕಿನಡಿ ಕೂಸುಗಳನ್ನು ಮಲಗಿಸುವ ಫೋಟೋಥೆರಪಿಯ ಮೂಲ ಇದು. (ಇದನ್ನು ಓದಿದ ತಾಯಂದಿರು ಕಾಮಾಲೆಯ ಕೂಸನ್ನು ಬಿಸಿಲಿಗೆ ಹಿಡಿದು ಸುಮ್ಮನಿರಬಾರದು, ವೈದ್ಯರಿಗೆ ತೋರಿಸಲೇಬೇಕು.) ಜೀನ್ ವಾರ್ಡ್ ಅವರು ಕಂಡದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ವೈದ್ಯರ ಮುಂದಿಟ್ಟರು ಎಂಬುದನ್ನು ನೀವು ಮುಖ್ಯವಾಗಿ ಗಮನಿಸಬೇಕು.

ನಿಮ್ಮ ರಟ್ಟನ್ನೇ ನೋಡಿ. ಅಜ್ಜಿ ಫ್ಯಾನಿನ ಬದಲು ಲೋಟದ ಮೇಲೆ ಬೆರಳಿಟ್ಟಿದ್ದರೆ ನೀವು ನೀರು ಕುಡಿಸುತ್ತಿದ್ದಿರೇನೋ. ಲಕ್ವ ಹೊಡೆದವರಲ್ಲಿ ಅನೇಕರಿಗೆ ನುಂಗುವ ಶಕ್ತಿ ಕುಂದಿರುತ್ತದೆ. ಅದನ್ನು ಪರೀಕ್ಷಿಸದೆ ಕೊಟ್ಟ ಒಂದು ಗುಟುಕು ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಮಾತು ಹೋದವರಲ್ಲಿ ಕೆಲವರಿಗೆ ಅರ್ಥಮಾಡಿಕೊಳ್ಳುವ ಶಕ್ತಿಯೂ ಕುಗ್ಗಿರುವುದರಿಂದ, ಅವರು ತೋರಿಸಿದ ಚಿತ್ರವೇ ಅವರಿಗೆ ಬೇಕಾದದ್ದೆಂದು ಒಮ್ಮೆಗೇ ನಂಬಲಾಗದು. ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಬೇಕು. ಇನ್ನು ಬರೀ ರಟ್ಟನ್ನು ಒರೆಸಿ ಶುಚಿ ಮಾಡಲು ಬರುವುದಿಲ್ಲ. ಅದು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋದರೆ ಜೊತೆಗೆ ಸೋಂಕೂ ಹರಡಬಹುದು.

ಇಡೀ ವಾರ್ಡಿನ ಹೊಣೆ ಹೊತ್ತ ಆ ಸಿಸ್ಟರ್‌ಗೆ ಇಂಥ ಅಪಾಯಗಳು ಮೊದಲು ಕಂಡಿರಬಹುದು. ಆದರೂ ಗದರುವ ಬದಲು ಅವರು ಇದನ್ನು ನಿಮಗೆ ಬಿಡಿಸಿ ಹೇಳಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಔಷಧದ ಪ್ರಮಾಣ, ಡ್ರೆಸ್ಸಿಂಗಿನ ಶುಚಿತ್ವದ ಕ್ರಮ, ಬಾಯಿಗೆ ಏನೂ ಕೊಡಬಾರದೆಂಬ ಸೂಚನೆ, ಇವುಗಳಲ್ಲಿ ವಿದ್ಯಾರ್ಥಿಗಳು ಸ್ವಂತ ಬುದ್ಧಿಯಿಂದ ಏನನ್ನೂ ಬದಲಿಸಕೂಡದು. ರೋಗಿಯೊಂದಿಗೆ ಮಾತಾಡುವ, ಅವರ ಸಂಕಟವನ್ನು ಅರಿಯುವ ದಾರಿಗಳಲ್ಲಿ ಮಾತ್ರ ನಿಮ್ಮ ಕಲ್ಪನೆಗೆ ಬೇಕಾದಷ್ಟು ಅವಕಾಶವಿದೆ.

ಚಿತ್ರಗಳನ್ನು ಇನ್ನಷ್ಟು ದೊಡ್ಡದಾಗಿ ಬರೆದು ಲ್ಯಾಮಿನೇಟ್ ಮಾಡಿಸಿ, ಲೋಟದ ಕೆಳಗೆ "ಸಿಸ್ಟರನ್ನು ಕೇಳಿ" ಎಂದು ಬರೆಯಿರಿ. ಮೊದಲು ನಿಮ್ಮ ಕ್ಲಿನಿಕಲ್ ಇನ್‌ಸ್ಟ್ರಕ್ಟರ್‌ಗೆ ತೋರಿಸಿ. ಅವರು ಒಪ್ಪಿದರೆ ಅವರೊಂದಿಗೆ ಹೋಗಿ ಅದೇ ಇನ್‌ಚಾರ್ಜ್ ಸಿಸ್ಟರ್ ಕೈಗೆ ಕೊಟ್ಟು, ಇದರಲ್ಲಿ ಇನ್ನೇನು ತಿದ್ದಬೇಕೆಂದು ಕೇಳಿ.